ಮೊದಲು ಉಪ್ಪಿನ ಲೆಕ್ಕ ಕೊಡಿ

ಹೊನ್ನಾವರದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ. ಮಗ್ಗುಲಲ್ಲೇ ಶರಾವತಿ ಹರಿಯುತ್ತಾಳೆ. ಆದರೂ ಪಟ್ಟಣದ ನಲ್ಲಿಗಳು ವರ್ಷಗಟ್ಟಲೆ ನೆಚ್ಚಿಕೊಂಡದ್ದು ಪಕ್ಕದ ಕುಮಟಾ ತಾಲ್ಲೂಕಿನ ಮರಾಕಲ್‌ನಲ್ಲಿ ಎತ್ತಿ ತರುವ ಅಘನಾಶಿನಿಯ ನೀರನ್ನು. ಹೊಳೆದಂಡೆಯ ಊರಿಗೆ ಇನ್ನೊಂದು ಹೊಳೆಯ ನೀರು! ಅಳಿವೆಯ ಬಳಿ ಶರಾವತಿ ಉಪ್ಪು ಎನ್ನುವುದು ಅದಕ್ಕೆ ಕಾರಣ. ಆ ಉಪ್ಪು ಅಳಿವೆಯಲ್ಲೇ ಇದ್ದರೆ ಯಾರ ತಕರಾರೂ ಇಲ್ಲ. ಅದು ಅಡುಗೆಮನೆಗೆ ನುಗ್ಗುವಾಗಲೂ ಸರ್ಕಾರಿ ಕಡತಗಳು ಕಣ್ಣು ಮುಚ್ಚಿ ಕೂತಿವೆಯಲ್ಲ, ಸಿಟ್ಟು ಬರುವುದು ಅದಕ್ಕೆ.

ನಮ್ಮದು ಚಿರೇಕಲ್ಲಿನ ನೆಲ. ಬಯಲುಸೀಮೆಯ ಬೋರ್‌ವೆಲ್‌ಗಳ ಗಡಸುತನ ಈ ಮಣ್ಣಿನಲ್ಲಿ ಹುಟ್ಟುವುದಿಲ್ಲ. ಇಲ್ಲಿನ ಬಾವಿ ನೀರು ಮೆದು, ತುಸು ಹುಳಿ ಗುಣದ್ದು. ಕಬ್ಬಿಣದ ಅಂಶವಿದ್ದರೆ ಬಚ್ಚಲಲ್ಲಿ ಕಾವಿ ಬಣ್ಣದ ಕಲೆ ಬಿದ್ದೀತು, ಅಷ್ಟೇ. ಇಂಥ ಕಡೆ ಬಾವಿ ನೀರು ಗಡುಸಾಯಿತೆಂದರೆ ಕಡಲು ಒಳಗೆ ಬಂದಿದೆ ಎಂದೇ ಅನುಮಾನಿಸಬೇಕು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು, ಮೆಗ್ನೀಸಿಯಂ ಒಂದೇ 1.3 ಗ್ರಾಂನಷ್ಟು. ಕುಡಿಯುವ ನೀರಿನ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ಗತಿಯೇ ಇಲ್ಲದಿದ್ದರೆ 600. ಕಡಲ ನೀರಿನದು 6,000ಕ್ಕೂ ಮೇಲೆ. ಹತ್ತೊಂಬತ್ತು ಕೊಡ ಸಿಹಿನೀರಿಗೆ ಒಂದೇ ಕೊಡ ಕಡಲ ನೀರು ಬೆರೆತರೂ ಕ್ಲೋರೈಡ್ 250 ಮಿಲಿಗ್ರಾಂ ಮಿತಿಯ ಮೂರು ಪಟ್ಟು ದಾಟುತ್ತದೆ. ಎಷ್ಟು ಕುದಿಸಿದರೂ ಈ ಗಡಸುತನ ಹೋಗುವುದಿಲ್ಲ.

ಏಪ್ರಿಲ್ ಮುಗಿಯುವ ಹೊತ್ತಿಗೆ ಹೊಳೆಸಾಲಿನ ಕೆಳಗಿನ ಮನೆಗಳಿಗೆ ಹೋಗಿ ನೋಡಿ. ಪಾತ್ರೆ ತೊಳೆಯಲು ಬಾವಿ ನೀರು, ಅನ್ನಕ್ಕೆ ಟ್ಯಾಂಕರ್ ನೀರು. ಒಬ್ಬ ಅಮ್ಮ ಅಲ್ಯೂಮಿನಿಯಂ ಚರಿಗೆಯ ಒಳಗನ್ನು ಉಗುರಿನಿಂದ ಕೆರೆದು ತೋರಿಸಿದರು. ಬಿಳಿ ಹಕ್ಕಳೆ ಹಾಗೇ ಎದ್ದು ಬಂತು. "ಈ ನೀರಲ್ಲಿ ಬೇಳೆ ಬೇಯೂದಿಲ್ಲ ಮಾರಾಯ್ರೆ, ಸಾಬೂನು ನೊರೆ ಬರೂದಿಲ್ಲ. ಪೇಟೆಯವ್ರು ಮಿಷನ್ ಹಾಕ್ಸಿ ಅಂತಾರೆ." ಮಿಷನ್ ಎಂದರೆ ಆರ್‌ಒ. ಒಂದು ಕೊಡ ಸಿಹಿ ಮಾಡಲು ಎರಡು ಮೂರು ಕೊಡ ಮೋರಿಗೆ ಚೆಲ್ಲುವ ಯಂತ್ರ, ಅದೂ ಬಾವಿಯ ತಳ ಕಾಣುವ ತಿಂಗಳಲ್ಲಿ.

ಕಡಲಿಗೆ ಈ ದಾರಿ ಹೊಸತಲ್ಲ. ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಗೇರುಸೊಪ್ಪ ಕಾಳುಮೆಣಸಿನ ಪೇಟೆ. ಹೊನ್ನಾವರದಿಂದ ದೋಣಿಗಳು ಹೊಳೆ ಹಿಡಿದು ಅಲ್ಲಿಯವರೆಗೂ ಬರುತ್ತಿದ್ದವು. (ರಾಣಿಯ ಹೆಸರಲ್ಲಿ ಭಾಷಣ ಬಿಗಿಯುವವರಿಗೆ ಅವಳ ಹೊಳೆ ಮಾತ್ರ ನೆನಪಾಗುವುದಿಲ್ಲ.) ಆ ದಾರಿಯಲ್ಲಿ ಏರುವ ಉಪ್ಪನ್ನು ಹಿಂದಕ್ಕೆ ತಳ್ಳುವುದು ಮೇಲಿನಿಂದ ಬರುವ ಸಿಹಿನೀರಿನ ಒತ್ತಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಆ ಒತ್ತಡದ ಕೀಲಿ ವಿದ್ಯುತ್ ನಿಗಮದ ಕೈ ಸೇರಿತು. ಮೇಲೆ 1,035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ, ಕೆಳಗೆ 240 ಮೆಗಾವ್ಯಾಟ್‌ನ ಗೇರುಸೊಪ್ಪ. ಬೇಸಿಗೆಯಲ್ಲಿ ಇಲ್ಲಿಂದ ಕೆಳಗಿನ ಶರಾವತಿ ಎಂದರೆ ಬಹುಮಟ್ಟಿಗೆ ಟರ್ಬೈನು ಉಗುಳಿದಷ್ಟು ನೀರು.

ಇದರ ಮೊದಲ ಪೆಟ್ಟು ತಿಂದದ್ದು ಅಳಿವೆಯ ಚಿಪ್ಪುಜೀವಿಗಳು. ವರ್ಷವಿಡೀ ಬಿಡುವ ಸಿಹಿನೀರಿನಿಂದ ಶರಾವತಿಯ ಅಳಿವೆಯಲ್ಲಿ ಉಪ್ಪು ಇಳಿದು ಅವು ಕ್ಷೀಣಿಸಿದವು, ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆ ಇನ್ನೂ ಸಮೃದ್ಧವಾಗಿದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬರೆದಿದ್ದಾರೆ. ಚಿಪ್ಪು ಆರಿಸಿ ಬದುಕುತ್ತಿದ್ದವರಿಗೆ ಯಾರೂ ಪರಿಹಾರ ಕೊಡಲಿಲ್ಲ. ಆಮೇಲೆ ಅದೇ ಸಿಹಿನೀರು ನಂಬಿ ದಂಡೆಯ ಜನ ಅಡಿಕೆ ಹಾಕಿದರು, ಬಾವಿ ತೋಡಿದರು. ನಮ್ಮನ್ನು ಕೇಳಿ ಹೊಳೆ ಸಿಹಿ ಮಾಡಲಿಲ್ಲ. ಈಗ ಕೇಳದೆಯೇ ಉಪ್ಪು ಮಾಡಲು ಹೊರಟಿದ್ದಾರೆ.

2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂತು. ಮಲೆನಾಡು ಸಿಡಿದೆದ್ದಿತು, ಜುಲೈ 10ರಂದು ಶಿವಮೊಗ್ಗ ಬಂದ್ ಆಯಿತು. ಆ ಗಲಾಟೆ ಆರಿತೆನ್ನುವಾಗ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದು ಕೂತಿದೆ. ಹಗಲು ಕೆಳಗಿನ ನೀರನ್ನು ಮೇಲೆತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಡುವುದು. ಇಂಥ ವ್ಯವಸ್ಥೆಯಲ್ಲಿ ನಾಲ್ಕು ಯೂನಿಟ್ ಪಡೆಯಲು ಸುಮಾರು ಐದು ಯೂನಿಟ್ ಸುರಿಯಬೇಕು. ಅದಕ್ಕಾಗಿ ಸಿಂಗಳೀಕಗಳಿಗೆಂದೇ 2019ರಲ್ಲಿ ಘೋಷಿಸಿದ ಅಭಯಾರಣ್ಯದ ಗುಡ್ಡಗಳನ್ನು ಕೊರೆಯಬೇಕು. ಸುರಂಗದ ಮಣ್ಣು, ಕಲ್ಲುಪುಡಿ ಎಲ್ಲಿ ಸುರಿಯುತ್ತೀರಿ? ಮೊದಲ ಮಳೆಗೆ ಅದು ಯಾರ ಕುಡಿಯುವ ನೀರಿಗೆ ಇಳಿಯುತ್ತದೆ? ಸ್ಫೋಟಕ್ಕೆ ಬಂಡೆ ಬಿರಿದರೆ ಗುಡ್ಡದ ಒರತೆಗಳ ಗತಿ ಏನು? ಒಂದೇ ನೀರನ್ನು ಮೇಲೆ ಕೆಳಗೆ ಆಡಿಸುತ್ತ ಕೂತರೆ ಮಾರ್ಚ್‌ನಿಂದ ಮೇವರೆಗೆ ಅಳಿವೆಯ ಕಡೆ ದಿನಕ್ಕೆಷ್ಟು ಬಿಡುತ್ತೀರಿ? ಮೆಗಾವ್ಯಾಟ್ ಕೇಳಿದರೆ ಥಟ್ಟನೆ ಹೇಳುತ್ತಾರೆ. ಉಪ್ಪು ಎಲ್ಲಿಯವರೆಗೆ ಏರುತ್ತದೆ ಎಂದು ಕೇಳಿದರೆ ಕಾಗದ ತಿರುವುತ್ತಾರೆ.

ಹಾನಿ ಮೇಲಿನಿಂದ ಮಾತ್ರ ಬರುತ್ತಿಲ್ಲ, ಒಪ್ಪೋಣ. ಹೊಯ್ಗೆ ಬಗೆದು ಹೊಳೆಯ ತಳ ತಗ್ಗಿಸಿದರೆ ಭರತದ ನೀರು ಇನ್ನಷ್ಟು ಮೇಲೇರುತ್ತದೆ. ರಾತ್ರಿ ಲಾರಿ ತುಂಬುವವರಿಗೂ ಅದು ಗೊತ್ತು. ಭಟ್ಕಳದಲ್ಲಿ ಶರಾಬಿ ಹೊಳೆಗೆ ಒಳಚರಂಡಿಯ ಕೊಳಚೆ ಸೇರಿ ಸುತ್ತಲಿನ ಬಾವಿಗಳು ಕೆಟ್ಟವು. ಜನ ಮನವಿ ಕೊಟ್ಟು ಕೊಟ್ಟು ಸೋತರು. ಅಲ್ಲಿ ಹೇಲು, ಇಲ್ಲಿ ಉಪ್ಪು. ಎರಡು ಕಡೆಯೂ ಬಾವಿ ಕೆಟ್ಟ ಮೇಲೆ ಆಡಳಿತಕ್ಕೆ ಹೊಳೆಯುವ ಉಪಾಯ ಒಂದೇ, ಟ್ಯಾಂಕರ್ ಟೆಂಡರ್.

ಪಂಪ್ಡ್ ಸ್ಟೋರೇಜ್ ಕುರಿತ ಗೇರುಸೊಪ್ಪದ ಅಹವಾಲು ಸಭೆಯಲ್ಲಿ ಜನ ಬೇಡ ಎಂದು ಕೂಗಿ ಹೇಳಿದ್ದಾರೆ. ಅದನ್ನು "ಅಭಿಪ್ರಾಯ ದಾಖಲಿಸಲಾಗಿದೆ" ಎಂದು ಮಡಿಸಿ ಇಟ್ಟರೆ ಮುಗಿಯಲಿಲ್ಲ. ಗೇರುಸೊಪ್ಪದಿಂದ ಹೊನ್ನಾವರದವರೆಗೆ ಎರಡೂ ದಂಡೆಯ ಬಾವಿಗಳಲ್ಲಿ ತಿಂಗಳಿಗೊಮ್ಮೆ ಕ್ಲೋರೈಡ್, ಗಡಸುತನ ಅಳೆಯಿರಿ. ಅಳೆದದ್ದನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ, ಕನ್ನಡದಲ್ಲಿ. ಎರಡು ಬೇಸಿಗೆ ಹೀಗೆ ಅಳೆದಾದ ಮೇಲೆ ಬನ್ನಿ, ಮಾತಾಡೋಣ. ಅಲ್ಲಿಯವರೆಗೆ ಸಿಡಿಮದ್ದಿನ ಲಾರಿ ಈ ಘಟ್ಟ ಹತ್ತಕೂಡದು.