ಖೋ ಖೋ ಆಡುವ ಹುಡುಗಿಗೆ ಬಿಳಿ ಪ್ಯಾಂಟ್ ಯಾಕೆ?

ನಾಲೆ ನೀರಿನ ಸುದ್ದಿ ಮಾಡೋಣ ಅಂತ ನಾವು ಮೂವರು ತಿ. ನರಸೀಪುರದ ಪಕ್ಕದ ಒಂದು ಊರಿಗೆ ಹೋಗಿದ್ದೆವು. ಮಾತಾಡಿಸಬೇಕಿದ್ದ ರೈತರು ಇನ್ನೂ ಗದ್ದೆಯಿಂದ ಬಂದಿರಲಿಲ್ಲ. ಹಿತ್ತಲಲ್ಲಿ ಅವರ ಹೆಂಡತಿ ಮೂರು ಕಲ್ಲಿನ ಒಲೆ ಮೇಲೆ ಹಳೇ ಪಾತ್ರೆ ಇಟ್ಟು, ಕೋಲಿನಲ್ಲಿ ಏನನ್ನೋ ತಿರುವುತ್ತಾ ಕೂತಿದ್ದರು. ಇಣುಕಿದರೆ ಕಪ್ಪು ನೀರು, ನೀರೊಳಗೆ ಒಂದು ಪ್ಯಾಂಟು.

"ಮಗಳ್ದು ಕನವ್ವ, ಖೋ ಖೋ ಪ್ಯಾಂಟು. ಎಲ್ಡು ಪಾಕೀಟು ಬಣ್ಣ ಹಾಕ್ದೆ, ಹತ್ನೇ ಇಲ್ಲ" ಅಂದರು.

ಕೋಲಿನಿಂದ ಎತ್ತಿ ತೋರಿಸಿದರು. ಕಪ್ಪೂ ಅಲ್ಲ, ಬಿಳಿಯೂ ಅಲ್ಲ. ಒರೆಸಿದ ಸ್ಲೇಟಿನ ಬಣ್ಣ. ಹೊಲಿಗೆ ಹಾಕಿದ ಕಡೆಯೆಲ್ಲ ದಾರ ಮಾತ್ರ ಬೆಳ್ಳಗೆ ಗೆರೆ ಎಳೆದ ಹಾಗೆ ಎದ್ದು ಕಾಣುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹುಡುಗಿ, "ಅವ್ವ, ಇದ್ಕಿಂತ ಬಿಳೀದೇ ವಾಸಿ ಇತ್ತು" ಅಂತ ಮುಖ ತಿರುಗಿಸಿದಳು. ನಮ್ಮ ಜೊತೆಗಿದ್ದ ಹುಡುಗ ಬೈಕಿನ ಹತ್ತಿರ ಹೋದ ಮೇಲೆ ಆ ತಾಯಿ ದನಿ ತಗ್ಗಿಸಿ ಕಾರಣ ಹೇಳಿದರು. ಹೋದ ಸಲ ಪಂದ್ಯದ ದಿನವೇ ಮಗಳು ಮುಟ್ಟಾಗಿದ್ದಳಂತೆ. ಬಿಳಿ ಪ್ಯಾಂಟು. ಅರ್ಧ ಆಟದಲ್ಲಿ ಎದ್ದು ಬಂದವಳು ಮತ್ತೆ ಅಂಕಣಕ್ಕೆ ಇಳಿದಿರಲಿಲ್ಲ. "ಆಡಕ್ಕೆ ಹೋಗಲ್ಲ ಅಂತಾಳೆ. ಕರ್ರಗಾದ್ರೂ ಮಾಡ್ಕೊಡನ ಅಂತ" ಅಂದರು.

ನಾಲೆ ನೀರಿನ ಸುದ್ದಿ ಇನ್ನೊಮ್ಮೆ ಬರೆಯುತ್ತೇವೆ. ಇವತ್ತು ಈ ಪ್ಯಾಂಟಿನ ವಿಷಯ.

ಖೋ ಖೋ ನಮ್ಮ ತಾಲ್ಲೂಕಿಗೆ ಸಣ್ಣ ಆಟವಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದ ಭಾರತದ ಮಹಿಳಾ ತಂಡದಲ್ಲಿ ನಮ್ಮ ಕುರುಬೂರಿನ ಚೈತ್ರಾ ಇದ್ದರು. ಫೈನಲ್ ಪಂದ್ಯದ ಉತ್ತಮ ಆಟಗಾರ್ತಿ ಪ್ರಶಸ್ತಿಯೂ ಅವರಿಗೇ ಬಂತು. ಫ್ಲೆಕ್ಸ್ ಹಾಕಿದೆವು, ಸ್ಟೇಟಸ್ ಹಾಕಿದೆವು, ನಾವೂ ಬರೆದೆವು. ಆದರೆ ಅವರ ಹಿಂದೆ ಬರುತ್ತಿರುವ ಹುಡುಗಿಯರು ಏನು ಹಾಕಿಕೊಂಡು ಆಡುತ್ತಾರೆ ಅಂತ ಕೇಳಿದವರು ಎಷ್ಟು ಜನ?

ಆಟವನ್ನೇ ಒಮ್ಮೆ ನೆನೆಸಿಕೊಳ್ಳಿ. ಬೆನ್ನಟ್ಟುವ ತಂಡದ ಎಂಟು ಜನ ಸಾಲಾಗಿ ಚೌಕಗಳಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಒಬ್ಬಳು ಈ ಕಡೆಗೆ ಮುಖ, ಪಕ್ಕದವಳು ಆ ಕಡೆಗೆ. ನೀವು ಯಾವ ಬದಿಯಲ್ಲಿ ನಿಂತು ನೋಡಿದರೂ ನಾಲ್ಕು ಹುಡುಗಿಯರ ಬೆನ್ನು ನಿಮ್ಮ ಕಡೆಗೇ ಇರುತ್ತದೆ. ಖೋ ಅಂದ ತಕ್ಷಣ ನೆಗೆದು ಏಳಬೇಕು, ಮಣ್ಣಿಗೆ ಬೀಳಬೇಕು, ಕಂಬಕ್ಕೆ ಜಿಗಿಯಬೇಕು. ಈ ಆಟಕ್ಕೆ ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಗೆ ಬಿಳಿ ಪ್ಯಾಂಟು ಹಾಕಿಸುವುದು ಯಾರ ತಲೆಯಿಂದ ಬಂತೋ.

ಹೆಚ್ಚಿನ ಕಡೆ ಇದು ಆಟಕ್ಕೆಂದು ತಂದದ್ದೇ ಅಲ್ಲ. ಶನಿವಾರದ ಪಿಟಿಗೆ, ಆಗಸ್ಟ್ 15ರ ಕವಾಯತಿಗೆ ಅಂತ ಹೊಲಿಸಿದ ಬಿಳಿ ಡ್ರೆಸ್ಸು. ಎರಡನೇ ಜೊತೆಗೆ ಮನೆಯಲ್ಲಿ ದುಡ್ಡಿಲ್ಲ, ಹಾಗಾಗಿ ಅದೇ ಪಂದ್ಯಕ್ಕೂ. ಆಮೇಲೆ ಅದನ್ನು ಕಪ್ಪು ಮಾಡುವ ಕೆಲಸ ಅವ್ವಂದಿರ ಒಲೆಗೆ ಬರುತ್ತದೆ.

ಇರಲಿ, ಒಲೆ ಹಚ್ಚಿರುವವರಿಗೆ ಮೊದಲು ಉಪಯೋಗಕ್ಕೆ ಬರುವ ಮಾತು. ಆ ತಾಯಿಯ ಕೈಯಲ್ಲಿ ತಪ್ಪಿರಲಿಲ್ಲ, ತಪ್ಪಿದ್ದದ್ದು ಬಟ್ಟೆಯಲ್ಲಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಣ್ಣದ ಪುಡಿ ಹತ್ತಿ ಬಟ್ಟೆಗೆಂದು ಮಾಡಿದ್ದು. ಹತ್ತಿ ನೀರು ಹೀರುತ್ತದೆ, ನೀರಿನ ಜೊತೆ ಬಣ್ಣವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ರೇಷ್ಮೆಯೂ ಬಣ್ಣಕ್ಕೆ ಒಲಿಯುವ ನೂಲು, ಅದಕ್ಕೆ ಬೇರೆ ಜಾತಿಯ ಬಣ್ಣ ಅಷ್ಟೆ. ರೇಷ್ಮೆ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ಇರುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾಲಿಯೆಸ್ಟರ್ ಹಾಗಲ್ಲ. ಅದು ಒಂಥರಾ ಪ್ಲಾಸ್ಟಿಕ್ಕಿನ ಎಳೆ, ನೀರನ್ನೇ ಒಳಗೆ ಬಿಡುವುದಿಲ್ಲ. ಕಾರ್ಖಾನೆಯಲ್ಲಿ ಅದಕ್ಕೆಂದೇ ಇರುವ ಬಣ್ಣ ಹಾಕಿ, ಮುಚ್ಚಿದ ಯಂತ್ರದಲ್ಲಿ ಒತ್ತಡ ಕೊಟ್ಟು ಸುಮಾರು 130 ಡಿಗ್ರಿ ಬಿಸಿ ಮಾಡುತ್ತಾರೆ. ನಮ್ಮ ಒಲೆ ಮೇಲೆ ತೆರೆದ ಪಾತ್ರೆಯ ನೀರು ಎಷ್ಟು ಕುದಿಸಿದರೂ 100 ದಾಟುವುದಿಲ್ಲ.

ಶಾಲೆಯ ಬಿಳಿ ಡ್ರೆಸ್ಸುಗಳಲ್ಲಿ ಬಹಳಷ್ಟು ಎರಡೂ ಬೆರೆತ ಟೆರಿಕಾಟ್. ಅದರಲ್ಲಿರುವ ಹತ್ತಿಗೆ ಮಾತ್ರ ಬಣ್ಣ ಹತ್ತಿ, ಉಳಿದದ್ದು ಬಿಳಿಯಾಗೇ ಉಳಿಯುತ್ತದೆ. ಸ್ಲೇಟಿನ ಬಣ್ಣ ಬಂದದ್ದು ಅದಕ್ಕೇ. ಹತ್ತಿ ಬಟ್ಟೆಯನ್ನೇ ಹೊಲಿದರೂ ದಾರ ಸಾಮಾನ್ಯವಾಗಿ ಪಾಲಿಯೆಸ್ಟರೇ, ಆದ್ದರಿಂದ ಹೊಲಿಗೆ ಬೆಳ್ಳಗೇ ಕಾಣುತ್ತದೆ. ಬೆನ್ನ ಮೇಲೆ ಅಚ್ಚು ಹಾಕಿದ ನಂಬರಿಗೂ ಬಣ್ಣ ಹತ್ತುವುದಿಲ್ಲ. ಅದೊಂದು ಲಾಭವೇ, ನಂಬರು ಹಾಗೇ ಉಳಿಯುತ್ತದೆ.

ಹಾಗಾದರೆ ಮೊದಲೇ ತಿಳಿಯುವುದು ಹೇಗೆ? ಸೊಂಟದ ಒಳಗಡೆ ಚೀಟಿ ಇದ್ದರೆ ಓದಿ. ಇಲ್ಲದಿದ್ದರೆ ಒಳಮಡಿಕೆಯಿಂದ ಬಟ್ಟೆಯದೇ ಒಂದೆರಡು ಎಳೆ ಎಳೆದು (ಹೊಲಿಗೆಯ ದಾರ ಬೇಡ), ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ. ಕರಗಿ, ಆರಿದ ಮೇಲೆ ಗಟ್ಟಿ ಗುಂಡಿನಂತೆ ಆದರೆ ಪಾಲಿಯೆಸ್ಟರ್. ಸ್ವಲ್ಪ ಬೂದಿ, ಸ್ವಲ್ಪ ಗಂಟು ಅಂದರೆ ಬೆರಕೆ. ಇದನ್ನು ದೊಡ್ಡವರೇ ಮಾಡಿ, ಕರಗಿದ ಎಳೆ ಬೆರಳಿಗೆ ಅಂಟಿದರೆ ಸುಡುತ್ತದೆ. ಆ ಹಿತ್ತಲಲ್ಲಿ ನಾವೂ ಮಾಡಿ ನೋಡಿದೆವು. ಬೂದಿಗಿಂತ ಗಂಟೇ ಜಾಸ್ತಿ ಇತ್ತು.

ಹತ್ತಿಯೇ ಆದರೆ ಧೈರ್ಯವಾಗಿ ಮಾಡಿ. ಗಂಜಿ ಹೋಗುವಂತೆ ಒಗೆದು, ಒದ್ದೆ ಇರುವಾಗಲೇ ಹಾಕಿ. ಸ್ಟೀಲ್ ಪಾತ್ರೆ ಇರಲಿ, ಆಮೇಲೆ ಅದು ಅಡುಗೆಗೆ ಬೇಡ. ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನೀರಿಗೆ ಉಪ್ಪು ಹಾಕಿದರೆ ಬಣ್ಣ ನೀರು ಬಿಟ್ಟು ಬಟ್ಟೆ ಹಿಡಿಯುತ್ತದೆ. ಅಳತೆ ಪಾಕೀಟಿನ ಮೇಲೆ ಇರುತ್ತದೆ. ಅರ್ಧ ಮುಕ್ಕಾಲು ಗಂಟೆ ಕೈಬಿಡದೆ ತಿರುವಬೇಕು, ಬಿಟ್ಟರೆ ಮಚ್ಚೆ ಮಚ್ಚೆ. ಬಿಳಿಯನ್ನು ಕಪ್ಪು ಮಾಡಲು ಬೇರೆ ಬಣ್ಣಕ್ಕಿಂತ ಪುಡಿ ಜಾಸ್ತಿ ಬೇಕು, ಕಡು ನೀಲಿ ಅಷ್ಟು ಸತಾಯಿಸುವುದಿಲ್ಲ. ವಿನಿಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುವುದು ಹತ್ತಿಯ ವಿಷಯದಲ್ಲಿ ಬರೀ ಮಾತು. ನೀರು ತಿಳಿಯಾಗುವವರೆಗೆ ಜಾಲಿಸಿ, ಮೊದಲ ಕೆಲವು ಸಲ ಬೇರೆಯಾಗಿಯೇ ಒಗೆಯಿರಿ, ಇಲ್ಲದಿದ್ದರೆ ಮನೆಯವರ ಬನಿಯನ್ನುಗಳೆಲ್ಲ ಬೂದು. ಉಳಿದ ಬಣ್ಣದ ನೀರನ್ನು ದನ ಕುಡಿಯುವ ನಾಲೆಗೂ ಹೊಳೆಗೂ ಚೆಲ್ಲಬೇಡಿ. ಕಾವೇರಿ, ಕಪಿಲೆ ಕೂಡುವ ಜಾಗದವರು ನಾವು, ಕೆಳಗಿನ ಊರಿನವರೂ ಅದನ್ನೇ ಕುಡಿಯಬೇಕು.

ಬಣ್ಣದ ಪಾಠ ಇಷ್ಟು. ಆದರೆ ನಮ್ಮ ತಕರಾರು ಇರುವುದು ಪಾಠ ಬೇಕಾದದ್ದಕ್ಕೇ. ಒಂದು ಹುಡುಗಿ ಆಟ ಬಿಡದಿರಲಿ ಅಂತ ಅವಳ ಅವ್ವ ಒಂದು ಮಧ್ಯಾಹ್ನದ ಕೂಲಿ ಬಿಟ್ಟು ಹೊಗೆ ಕುಡಿಯಬೇಕೇ? ಶಾಲೆಯವರು ಹೊಲಿಸಲು ಹೇಳುವಾಗಲೇ ಕಡು ನೀಲಿ ಅಂದಿದ್ದರೆ ಆಗುತ್ತಿತ್ತು. ಖರ್ಚೂ ಅಷ್ಟೇ.

ಇದು ಹಳ್ಳಿಯವರ ಸಂಕೋಚ ಅಂತ ತಳ್ಳಿಹಾಕುವವರಿಗೆ ಒಂದು ಮಾತು. ವಿಂಬಲ್ಡನ್ ಟೆನಿಸ್‌ನಲ್ಲಿ ಮೈಮೇಲೆ ಬಿಳಿ ಬಿಟ್ಟು ಬೇರೆ ಬಣ್ಣ ಇರಕೂಡದು ಅನ್ನುವ ಕಟ್ಟುನಿಟ್ಟು ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಅಲ್ಲೇ 2023ರಿಂದ ಆಟಗಾರ್ತಿಯರು ಒಳಗೆ ಕಡು ಬಣ್ಣದ ಚಡ್ಡಿ ಹಾಕಿಕೊಳ್ಳಬಹುದು ಅಂತ ಆಯಿತು. ಅದೇ ವರ್ಷ ಇಂಗ್ಲೆಂಡಿನ ಮಹಿಳಾ ಫುಟ್ಬಾಲ್ ತಂಡ ಬಿಳಿ ಚಡ್ಡಿ ಬಿಟ್ಟು ನೀಲಿಗೆ ಬದಲಾಯಿತು, ಐರ್ಲೆಂಡಿನ ರಗ್ಬಿ ಆಟಗಾರ್ತಿಯರೂ ಹಾಗೇ ಮಾಡಿದರು. ಕಾರಣ ಅದೇ, ಮುಟ್ಟು. ಅವರು ಅದನ್ನು ಬಾಯಿಬಿಟ್ಟು ಹೇಳಿದರು, ಕೇಳಿದವರು ಬಣ್ಣ ಬದಲಿಸಿದರು. ನಮ್ಮ ರಾಜ್ಯ ಸಂಪುಟವೇ 2025ರ ಅಕ್ಟೋಬರಿನಲ್ಲಿ ದುಡಿಯುವ ಹೆಂಗಸರಿಗೆ ಮುಟ್ಟಿನ ರಜೆ ಕೊಡುವ ನೀತಿಗೆ ಒಪ್ಪಿಗೆ ಕೊಟ್ಟಿತು. ವಿಧಾನಸೌಧದಲ್ಲಿ ಮಾತಾಡಬಹುದಾದ ವಿಷಯ ಎಸ್‌ಡಿಎಂಸಿ ಸಭೆಯಲ್ಲಿ ಆಗಬಾರದೇ?

ಕಡು ಬಣ್ಣ ಬಿಸಿಲಿಗೆ ಕಾಯುತ್ತದೆ ಅನ್ನುವವರಿದ್ದಾರೆ. ನಿಜ, ಕಾಯುತ್ತದೆ. ಮೇಲಂಗಿ ತಿಳಿ ಬಣ್ಣದ್ದೇ ಇರಲಿ, ಪ್ಯಾಂಟು ಮಾತ್ರ ಕಡು ಬಣ್ಣ ಮಾಡಿ. ಬಿಳಿ ಹಾಕಿದರೆ ಶಿಸ್ತು ಅನ್ನುವವರೂ ಇದ್ದಾರೆ. ಅವರ ಮನೆಯಲ್ಲಿ ಆ ಬಿಳಿಗೆ ಉಜಾಲ ಹಾಕಿ ತಿಕ್ಕುವವರು ಯಾರು ಅಂತ ನಾವು ಕೇಳುವುದಿಲ್ಲ, ಅವರೇ ನೋಡಿಕೊಳ್ಳಲಿ. ಇನ್ನು ಊರ ಹಬ್ಬಕ್ಕೆ ಜೆರ್ಸಿ ಕೊಡಿಸುವ ಅಣ್ಣಂದಿರಲ್ಲಿ ಒಂದು ಬೇಡಿಕೆ. ಮುಂದಿನ ಸಲ ಹುಡುಗಿಯರ ತಂಡಕ್ಕೆ ಹನ್ನೆರಡು ಕಡು ನೀಲಿ ಟ್ರ್ಯಾಕ್ ಪ್ಯಾಂಟು ಕೊಡಿಸಿ. ನಿಮ್ಮ ಫೋಟೋ ಬೇಕಿದ್ದರೆ ಫ್ಲೆಕ್ಸಿನಲ್ಲಿ ಹಾಕಿಕೊಳ್ಳಿ.

ಊರಿಂದ ವಾಪಸ್ ಬಂದ ಮೇಲೆ ಆ ಶಾಲೆಯ ಪಿಟಿ ಮೇಷ್ಟ್ರಿಗೆ ಫೋನ್ ಮಾಡಿ, ಹುಡುಗಿಯ ಹೆಸರು ಎತ್ತದೆ ಕೇಳಿದೆವು: ಸರ್, ಬಿಳಿಯೇ ಹಾಕಬೇಕು ಅಂತ ಎಲ್ಲಾದರೂ ಬರೆದಿದೆಯಾ? ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬರೆದಿರೋದು ನಾನಂತೂ ನೋಡಿಲ್ಲಪ್ಪ. ನಾನು ಬರೋ ಮುಂಚಿಂದಲೂ ಹಿಂಗೇ ನಡ್ಕೊಂಡು ಬಂದಿದೆ. ಈ ವಿಷಯ ಯಾರೂ ನನ್ ಹತ್ರ ಹೇಳೇ ಇಲ್ವಲ್ಲ" ಅಂದರು. ಹೆಡ್ ಮೇಷ್ಟ್ರ ಹತ್ತಿರ ಮಾತಾಡುತ್ತೇನೆ ಅಂದಿದ್ದಾರೆ. ಮುಂದಿನ ಪಂದ್ಯ ಹದಿನೈದು ದಿನಕ್ಕಿದೆ. ಅಲ್ಲಿವರೆಗೆ ಆ ಹುಡುಗಿ ಸ್ಲೇಟು ಬಣ್ಣದ ಪ್ಯಾಂಟಿನಲ್ಲೇ ಪ್ರಾಕ್ಟೀಸಿಗೆ ಹೋಗುತ್ತಿದ್ದಾಳಂತೆ.