ಮಗುವಿನ ಭೇದಿ: ತಾಯಿಯನ್ನು ಬೈಯುವ ಮೊದಲು

ವಾಂತಿಭೇದಿಯಿಂದ ಸೋತುಹೋದ ಕೂಸನ್ನು ಮೂರನೆಯ ದಿನ ಎತ್ತಿಕೊಂಡು ಬಂದವಳಿಗೆ ಆಸ್ಪತ್ರೆಯಲ್ಲಿ ಮೊದಲು ಸಿಗುವುದು ಬೈಗುಳ. 'ಇಷ್ಟು ದಿನ ಏನು ಮಾಡ್ತಿದ್ದೆ?' ಎಂಬುದನ್ನು ಉತ್ತರ ಬೇಕೆಂದೇ ಕೇಳುವವರು ಕಡಿಮೆ. ಕೇಳಿದ್ದರೆ, ಆಕೆ ಕೈಕಟ್ಟಿ ಕೂತಿರಲಿಲ್ಲ ಎಂದು ತಿಳಿಯುತ್ತಿತ್ತು. ಹಲ್ಲು ಬರುವಾಗ ಹೀಗೇ ಆಗುತ್ತದೆ ಎಂದು ಮನೆಯ ಹಿರಿಯರು ಹೇಳಿರುತ್ತಾರೆ, ದೃಷ್ಟಿ ತೆಗೆದಿರುತ್ತಾರೆ, ಮೆಡಿಕಲ್‌ನಿಂದ ಯಾವುದೋ ಸಿರಪ್ ತಂದಿರುತ್ತಾರೆ. ಇದನ್ನೆಲ್ಲ ಅಜ್ಞಾನ ಎಂದು ಕರೆದು ಜಾಗೃತಿ ಜಾಥಾ ನಡೆಸಿದರೆ ಕೆಲಸ ಮುಗಿಯಿತೆಂದು ನಂಬಿರುವವರೊಂದಿಗೆ ನಮ್ಮ ತಕರಾರಿದೆ. ತಡ ಮಾಡುವ ಮನೆಯವರು ತಮ್ಮ ಅನುಭವದ ಮೇಲೆ ಲೆಕ್ಕ ಹಾಕಿಯೇ ಕಾಯುತ್ತಾರೆ. ಆ ಲೆಕ್ಕ ಬದಲಾಗಬೇಕಾದರೆ ಚಿಕಿತ್ಸೆ ಕಾಯಿಲೆಗಿಂತ ಮೊದಲೇ ಮನೆ ಸೇರಿರಬೇಕು.

ಆ ಲೆಕ್ಕ ಪೂರ್ತಿ ತಪ್ಪೂ ಅಲ್ಲ. ಹೆಚ್ಚಿನ ಭೇದಿ ವಾರದೊಳಗೆ ತಾನಾಗಿ ನಿಲ್ಲುತ್ತದೆ. ಕಾದವರು ಬಹಳ ಸಲ ಗೆದ್ದೇ ಇರುತ್ತಾರೆ. ಹಲ್ಲಿನ ಮಾತಿಗೂ ಕಾರಣವಿದೆ. ಆರು ತಿಂಗಳ ಆಚೀಚೆ ಹಲ್ಲು ಮೂಡುವ ಹೊತ್ತಿಗೇ ಮಗುವಿಗೆ ಮೇಲಿನ ಆಹಾರ ಶುರುವಾಗುತ್ತದೆ, ಅಂಬೆಗಾಲಿಟ್ಟು ಸಿಕ್ಕಿದ್ದೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ರೋಗಾಣು ಒಳಹೋಗುವುದು ಹೀಗೆ, ಕಣ್ಣಿಗೆ ಕಾಣುವುದು ಹಲ್ಲು. ಇನ್ನು ಆಸ್ಪತ್ರೆಗೆ ಹೊರಟರೆ ಅವತ್ತಿನ ಕೂಲಿ ಹೋಯಿತು, ಬಸ್ ಚಾರ್ಜು ಬಿತ್ತು, ದೊಡ್ಡ ಮಗುವನ್ನು ಯಾರ ಬಳಿ ಬಿಡುವುದೆಂಬ ಚಿಂತೆ ಬೇರೆ. ಇಷ್ಟೆಲ್ಲ ಮಾಡಿ ಹೋದರೆ ಕೈಗೆ ಬರುವುದು ಒಂದು ಓಆರ್‌ಎಸ್ ಪುಡಿ ಪ್ಯಾಕೆಟ್. ಅದನ್ನು ಕುಡಿಸಿದರೂ ಭೇದಿ ಕೂಡಲೇ ನಿಲ್ಲುವುದಿಲ್ಲ. ಓಆರ್‌ಎಸ್ ಇರುವುದು ಭೇದಿ ನಿಲ್ಲಿಸಲಿಕ್ಕಲ್ಲ, ಮೈಯಿಂದ ಹೋದ ನೀರು ಮತ್ತು ಉಪ್ಪನ್ನು ತುಂಬಿಕೊಡಲಿಕ್ಕೆ ಎಂದು ಯಾರೂ ಬಿಡಿಸಿ ಹೇಳದಿದ್ದರೆ, 'ಆ ಪುಡಿ ನಾಟಲಿಲ್ಲ' ಎಂಬ ತೀರ್ಮಾನ ಸಹಜವೇ. ಪುಟ್ಟ ಮೈಯಲ್ಲಿ ನೀರು ಒಂದೇ ದಿನದಲ್ಲಿ ಅಪಾಯದ ಮಟ್ಟಕ್ಕೆ ಇಳಿಯಬಹುದು ಎಂಬ ಸಂಗತಿ ಮಾತ್ರ ಈ ಲೆಕ್ಕದಿಂದ ಬಿಟ್ಟುಹೋಗಿರುತ್ತದೆ.

ದೂರ ಮತ್ತು ಉದಾಸೀನವೇ ಮುಖ್ಯ ಕಾರಣ ಎನ್ನುವವರು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಲಿ. ದೇಶದಲ್ಲಿ ಭೇದಿಯಾದ ನೂರು ಮಕ್ಕಳಲ್ಲಿ ಸುಮಾರು 69 ಮಕ್ಕಳನ್ನು ಆಸ್ಪತ್ರೆಗೋ ವೈದ್ಯರ ಬಳಿಗೋ ಒಯ್ದಿದ್ದರು. ಓಆರ್‌ಎಸ್ ಸಿಕ್ಕಿದ್ದು ಸುಮಾರು 61 ಮಕ್ಕಳಿಗೆ, ಸತುವಿನ ಅಂದರೆ ಜಿಂಕ್ ಮಾತ್ರೆ ಸಿಕ್ಕಿದ್ದು 31ಕ್ಕೆ. ಬಾಗಿಲವರೆಗೆ ಬಂದವರನ್ನೂ ನಾವು ಬರಿಗೈಯಲ್ಲಿ ಕಳಿಸುತ್ತಿದ್ದೇವೆ. ಏಕೆಂಬುದಕ್ಕೆ ಕರ್ನಾಟಕ ಮತ್ತು ಬಿಹಾರದ ಪಟ್ಟಣಗಳಲ್ಲಿ ನಡೆದು 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಉತ್ತರ ಕೊಡುತ್ತದೆ. ಓಆರ್‌ಎಸ್ ಬರೆಯದಿರುವುದರಲ್ಲಿ ಶೇ 42ರಷ್ಟಕ್ಕೆ ಕಾರಣ, ರೋಗಿಯ ಕಡೆಯವರಿಗೆ ಅದು ಬೇಡ ಎಂಬ ವೈದ್ಯರ ಊಹೆ. ದಾಸ್ತಾನಿಲ್ಲದ್ದು ಶೇ 6, ಹಣದ ಆಸೆ ಶೇ 5 ಅಷ್ಟೇ. ಮನೆಯವರೇ ಅದು ಬೇಕೆಂದು ಸೂಚಿಸಿದಾಗ ಬರೆದುಕೊಡುವುದು ಹೆಚ್ಚಿತು. ತಾಯಿ ಸಂಕೋಚದಿಂದ ಕೇಳುವುದಿಲ್ಲ, ಡಾಕ್ಟರು ಇವಳಿಗೆ ಇಂಜೆಕ್ಷನ್ನೇ ಬೇಕೆಂದುಕೊಳ್ಳುತ್ತಾರೆ. ಒಮ್ಮೆ ದುಡ್ಡು ಕಳೆದುಕೊಂಡು ಹೀಗೆ ಮರಳಿದವಳು ಮುಂದಿನ ಸಲ ಬೇಗ ಬರಲೆಂದು ಯಾವ ನ್ಯಾಯದಲ್ಲಿ ಬಯಸುವುದು?

ಓದುಬರಹ ಬಾರದವರು ಮನೆಯಲ್ಲಿ ಓಆರ್‌ಎಸ್ ಅನ್ನು ಸರಿಯಾಗಿ ಬೆರೆಸಿ ಕುಡಿಸಲಾರರು ಎಂಬ ಆಕ್ಷೇಪ ಹಳೆಯದು. 1971ರಲ್ಲಿ, ಬಾಂಗ್ಲಾ ಯುದ್ಧದ ಕಾಲಕ್ಕೆ, ಬೊಂಗಾವ್‌ನ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸ್ ದ್ರಾವಣವನ್ನು ವಾಂತಿಭೇದಿ ರೋಗಿಗಳ ಬಂಧುಗಳ ಕೈಗೇ ಕೊಟ್ಟು ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 4ಕ್ಕೂ ಕೆಳಗಿಳಿಯಿತು. ಕಲಿಸಬೇಕಾದದ್ದು ಸ್ವಲ್ಪವೇ, ಆದರೆ ಖಚಿತವಾಗಿ ಕಲಿಸಬೇಕು. ದೊಡ್ಡ ಪ್ಯಾಕೆಟ್ಟಿನ ಪೂರ್ತಿ ಪುಡಿ ಒಂದು ಲೀಟರ್ ಶುದ್ಧ ನೀರಿಗೆ. ಲೋಟಕ್ಕೊಂದು ಚಿಟಿಕೆ ಹಾಕಿದರೆ ಉಪ್ಪಿನ ಅಳತೆ ಕೆಡುತ್ತದೆ. ಬೆರೆಸಿದ್ದು ಒಂದು ದಿನಕ್ಕಷ್ಟೇ. ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ನಿಧಾನವಾಗಿ ಕುಡಿಸಬೇಕು. ಎದೆಹಾಲು, ಗಂಜಿ ನಿಲ್ಲಿಸಬಾರದು. ಜಿಂಕ್ ಅನ್ನು ಭೇದಿ ನಿಂತ ಮೇಲೂ ಬಿಡದೆ 14 ದಿನ ಕೊಡಬೇಕು. ಎಳನೀರು ಒಳ್ಳೆಯದೇ, ಆದರೆ ಓಆರ್‌ಎಸ್‌ಗೆ ಬದಲಿಯಲ್ಲ. ಅಂಗಡಿಯ ಸಿಹಿ ಪಾನೀಯದ ಡಬ್ಬಿಯಂತೂ ಬೇಡವೇ ಬೇಡ.

ಮನೆಯಲ್ಲೇ ಔಷಧಿ ಇದ್ದರೆ ಆಸ್ಪತ್ರೆಗೆ ಬರುವುದು ಇನ್ನೂ ತಡವಾಗುತ್ತದಲ್ಲ ಎಂಬ ಪ್ರಶ್ನೆ ಹೆಚ್ಚು ಗಂಭೀರವಾದದ್ದು. ಪ್ಯಾಕೆಟ್ ಕೊಟ್ಟು ಸುಮ್ಮನಾದರೆ ಹಾಗೂ ಆದೀತು. ಆದ್ದರಿಂದ ಯಾವಾಗ ಹೊರಡಬೇಕೆಂಬುದನ್ನೂ ಅದರ ಜೊತೆಗೇ ಹೇಳಿಕೊಡಬೇಕು. ಕಣ್ಣು ಗುಳಿಬಿದ್ದರೆ, ಮಗು ಕುಡಿಯಲೊಲ್ಲದೆ ಮಂಕಾದರೆ, ಕುಡಿಸಿದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಹಿಂದಕ್ಕೆ ಹೋದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಎರಡು ತಿಂಗಳೊಳಗಿನ ಕೂಸಾದರೆ ಯಾವ ಲಕ್ಷಣಕ್ಕೂ ಕಾಯುವಂತಿಲ್ಲ. ಹೊರಟ ಮೇಲೂ, ಮಗು ಕುಡಿಯುವಂತಿದ್ದರೆ, ದಾರಿಯುದ್ದಕ್ಕೂ ದ್ರಾವಣ ಕುಡಿಸುತ್ತಿರಬೇಕು. ಮನೆಯಲ್ಲಿ ಪ್ಯಾಕೆಟ್ ಇದ್ದವರಿಗೆ ಮಾತ್ರ ಇದು ಸಾಧ್ಯ.

2014ರಿಂದ ಮಳೆಗಾಲದ ಹೊತ್ತಿಗೆ ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಆಶಾ ಕಾರ್ಯಕರ್ತೆಯರಿಂದ ಓಆರ್‌ಎಸ್ ಹಂಚಿಸುವ ಅಭಿಯಾನ ನಡೆದಿದೆ. ಅದು ವರ್ಷವಿಡೀ ನಡೆಯಲಿ, ಜಿಂಕ್ ಮಾತ್ರೆಯೂ ತಪ್ಪದೆ ಜೊತೆಗಿರಲಿ, ಮುಗಿದಂತೆ ಅಂಗನವಾಡಿಯಲ್ಲಿ ಮತ್ತೆ ಸಿಗಲಿ ಎಂಬುದು ನಮ್ಮ ಒತ್ತಾಯ. ತಾಯಂದಿರ ಸಭೆಗೆ ಅತ್ತೆಯಂದಿರನ್ನೂ ಗಂಡಂದಿರನ್ನೂ ಕರೆಯಬೇಕು. ಎಷ್ಟೋ ಮನೆಗಳಲ್ಲಿ ಆಸ್ಪತ್ರೆಗೆ ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸುವವರು, ಬಸ್ಸಿನ ದುಡ್ಡು ತೆಗೆದುಕೊಡುವವರು ಅವರೇ.