ಜಮಾಖರ್ಚಿನ ಕೋಷ್ಟಕವೂ ಹಿಡುವಳಿದಾರರೂ

ಬೇಸಾಯದಲ್ಲಿ ಉಳುಮೆಗೆ ಕೊಡುವಷ್ಟು ಗಮನವನ್ನು ಲೆಕ್ಕಕ್ಕೆ ಕೊಡುವವರು ವಿರಳ. ಕಿರಾಣಿ ಅಂಗಡಿಯವನು ಪ್ರತಿ ಸಂಜೆಯೂ ಕಿರ್ದಿಯನ್ನು ಬರೆದು ಮುಗಿಸುತ್ತಾನೆ. ಇಪ್ಪತ್ತು ಎಕರೆಯ ಹಿಡುವಳಿದಾರನಾದರೋ ಸುಗ್ಗಿ ಕಳೆದ ಮೇಲೆ ನೆನಪಿನಿಂದಲೇ ಲಾಭನಷ್ಟವನ್ನು ಎಣಿಸುತ್ತಾನೆ. ಆದಕಾರಣ ರಾಗಿಯ ಹೊಲದ ನಷ್ಟವನ್ನು ರೇಷ್ಮೆಯ ಲಾಭವು ಮುಚ್ಚುತ್ತ ಬಂದಿದ್ದರೂ ಅದು ಅವನಿಗೇ ತಿಳಿಯದು.

ಈ ಕೊರತೆಗೆ ಕಂಪ್ಯೂಟರಿನ ಸ್ಪ್ರೆಡ್‌ಶೀಟ್ ತಕ್ಕ ಸಾಧನವಾಗಿದೆ. 1979ರಲ್ಲಿ ಅಮೆರಿಕದಲ್ಲಿ ವಿಸಿಕ್ಯಾಲ್ಕ್ ಎಂಬ ಹೆಸರಿನಿಂದ ವರ್ತಕರ ಕೈಸೇರಿದ ಈ ವಿದ್ಯೆಯು ಈಗ ಎಕ್ಸೆಲ್ ಮೊದಲಾದ ತಂತ್ರಾಂಶಗಳಲ್ಲಿ ದೊರೆಯುವುದು; ಲಿಬ್ರೆಆಫೀಸ್ ಎಂಬುದು ಉಚಿತವಾಗಿಯೇ ಸಿಕ್ಕುವುದು. ತಾರೀಖು, ಬಾಬತ್ತು, ಬೆಳೆ, ಜಮಾ, ಖರ್ಚು ಎಂಬ ಐದು ಕಲಮುಗಳು ಮೊದಲಿಗೆ ಸಾಕು. ಬೆಳೆಯ ಹೆಸರನ್ನು ಪ್ರತಿ ಸಾಲಿನಲ್ಲಿಯೂ ಒಂದೇ ರೀತಿಯಾಗಿ ಬರೆದು, ತಕ್ಕ ಸೂತ್ರವನ್ನು ಕೊಟ್ಟಲ್ಲಿ, ಬೆಳೆವಾರು ಮೊತ್ತವನ್ನು ಯಂತ್ರವೇ ಬೇರ್ಪಡಿಸಿ ತೋರಿಸುವುದು. ಒಂದು ಅಂಕಿಯನ್ನು ತಿದ್ದಿದರೆ ಅದನ್ನವಲಂಬಿಸಿದ ಮೊತ್ತಗಳೆಲ್ಲವೂ ತಾವಾಗಿಯೇ ಬದಲಾಗುವುವು.

ಆದರೆ ಯಂತ್ರವು ಹೇಳಿದುದನ್ನು ಮಾಡುವುದೇ ಹೊರತು ಮನಸ್ಸಿನಲ್ಲಿದ್ದುದನ್ನು ಅರಿಯದು. 2 ಎಕರೆ 30 ಗುಂಟೆಯನ್ನು 2.30 ಎಂದೂ, 1 ಎಕರೆ 20 ಗುಂಟೆಯನ್ನು 1.20 ಎಂದೂ ಬರೆದು ಕೂಡಿಸಿದರೆ 3.50 ಎಂದು ಬರುವುದು. ಎಕರೆಗೆ 40 ಗುಂಟೆಯಾದ್ದರಿಂದ ನಿಜವಾದ ಮೊತ್ತವು 4 ಎಕರೆ 10 ಗುಂಟೆ. ಈ ತಪ್ಪಿನ ಮೇಲೆ ಗೊಬ್ಬರವನ್ನೂ ಕೂಲಿಯನ್ನೂ ಗೊತ್ತುಮಾಡಿದಲ್ಲಿ ಮುಕ್ಕಾಲು ಎಕರೆಯ ಲೆಕ್ಕವೇ ಬಿಟ್ಟುಹೋಗುವುದು. ಆದುದರಿಂದ ಎಕರೆಗೂ ಗುಂಟೆಗೂ ಬೇರೆ ಬೇರೆ ಕಲಮುಗಳಿರತಕ್ಕದ್ದು. ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸುವ ಸೂತ್ರವನ್ನು ಒಮ್ಮೆ ಬರೆದಿಟ್ಟರೆ ಮುಂದೆ ತೊಂದರೆಯಿರುವುದಿಲ್ಲ.

“ಇದು ಹುಡುಗರ ಕೆಲಸ, ಹಣ ಕೊಟ್ಟರೆ ಬರೆದುಕೊಡುವವರಿದ್ದಾರೆ” ಎಂದು ಹೇಳುವ ಹಿರಿಯರುಂಟು. ಬರೆಯುವ ಕೆಲಸವನ್ನು ಮಗನಿಗಾಗಲಿ ಸೊಸೆಗಾಗಲಿ ವಹಿಸುವುದರಲ್ಲಿ ದೋಷವಿಲ್ಲ. ಆದರೆ ಬರೆದುದನ್ನು ಓದಿ ಪರೀಕ್ಷಿಸಲಾರದ ಯಜಮಾನನು ಪರಾಧೀನನೇ ಸರಿ. ಕರ್ನಾಟಕದ ಪಹಣಿಗಳು ಭೂಮಿ ಯೋಜನೆಯ ಮೂಲಕ 2000ದ ದಶಕದ ಆರಂಭದಲ್ಲಿಯೇ ಕಂಪ್ಯೂಟರನ್ನು ಸೇರಿದುವು. ಅನೇಕ ಕೃಷಿ ಮಾರುಕಟ್ಟೆಗಳ ವ್ಯಾಪಾರವೂ ಅದರಲ್ಲಿಯೇ ನಡೆಯುತ್ತಿದೆ. ಭೂಮಿಯ ದಾಖಲೆ, ಮಾಲಿನ ಧಾರಣೆ, ಬ್ಯಾಂಕಿನ ಸಾಲ ಇವು ಮೂರೂ ಅಲ್ಲಿರುವಾಗ ರೈತನ ಸ್ವಂತ ಲೆಕ್ಕ ಮಾತ್ರ ಗೋಡೆಯ ಮೇಲಿನ ಇದ್ದಲಿನ ಗೀಟಾಗಿ ಉಳಿಯುವುದು ಶ್ರೇಯಸ್ಕರವಲ್ಲ.

ಕಲಿಯತಕ್ಕವರು ಮುಂಗಾರಿನ ಮೊದಲ ಖರ್ಚಿನಿಂದಲೇ ಆರಂಭಿಸಬೇಕು. ದಿನಕ್ಕೆ ಹತ್ತು ನಿಮಿಷ ಸಾಕು. ರಸೀತಿಗಳನ್ನು ಕಟ್ಟಿಡಬೇಕು, ವಾರಕ್ಕೊಮ್ಮೆ ಲೆಕ್ಕದ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಬೇರೆಯಾಗಿ ಕಾದಿಡಬೇಕು, ಬ್ಯಾಂಕಿನ ಗುಪ್ತಸಂಖ್ಯೆಯನ್ನು ಆ ಕೋಷ್ಟಕದಲ್ಲಿ ಎಂದಿಗೂ ಬರೆಯಕೂಡದು.

ಗ್ರಾಮದ ಮುಖ್ಯಸ್ಥರು ತಾವೇ ಮೊದಲು ಕಲಿತು, ಒಂದು ವರ್ಷದ ಬೆಳೆವಾರು ಲೆಕ್ಕವನ್ನು ನೆರೆಹೊರೆಯವರಿಗೆ ತೋರಿಸಿದಲ್ಲಿ, ಹತ್ತು ಉಪನ್ಯಾಸಗಳಿಗಿಂತ ಹೆಚ್ಚಿನ ಪ್ರಯೋಜನವಾಗುವುದು. ಯಾವ ಹೊಲದಲ್ಲಿ ಏನು ಉಳಿಯಿತೆಂಬುದನ್ನು ಬಲ್ಲವನೇ ಮುಂದಿನ ವರ್ಷ ಯಾವುದನ್ನು ಬಿತ್ತಬೇಕೆಂಬುದನ್ನು ನಿಶ್ಚಯಿಸಬಲ್ಲನು.